ಕೆಂಚಿ ಆರು ದಿನ ಎಲ್ಲಿಗೆ ಹೋಗಿತ್ತು?

ಬೆಂಗಳೂರಿನ ನಮ್ಮ ಬೀದಿಯ ತಿರುವಿನಲ್ಲಿ ಒಂದು ಟೀ ಅಂಗಡಿ. ಅದರ ಮುಂದೆ ಒಂದು ಕೆಂಚು ಬಣ್ಣದ ಹೆಣ್ಣು ನಾಯಿ. ಹೆಸರು ಕೆಂಚಿ. ಅದನ್ನು ಯಾರೂ ಸಾಕಿಲ್ಲ, ಯಾರೂ ಓಡಿಸಿಯೂ ಇಲ್ಲ. ಬೆಳಗ್ಗೆ ಅಂಗಡಿಯವರು ಹಾಕುವ ಬನ್ನಿನ ತುಂಡು, ಮಧ್ಯಾಹ್ನ ಎದುರುಮನೆ ಅಜ್ಜಿಯ ಮೊಸರನ್ನ, ರಾತ್ರಿ ಎಟಿಎಂ ಮೆಟ್ಟಿಲ ಮೇಲೆ ನಿದ್ದೆ. ಇಷ್ಟೇ ಅದರ ಸಂಸಾರ.

ಒಂದು ದಿನ ಬೆಳಗಿನ ಜಾವ ಜಾಲರಿ ಹಾಕಿದ ವ್ಯಾನ್ ಬಂತು. ಇಬ್ಬರು ಇಳಿದರು, ಬಲೆ ಬೀಸಿದರು, ಕೆಂಚಿಯನ್ನು ಎತ್ತಿಕೊಂಡು ಹೋದರು. ಅವತ್ತು ಟೀ ಅಂಗಡಿಯವರು ನನ್ನನ್ನು ನಿಲ್ಲಿಸಿ ಕೇಳಿದರು: "ಸಾರ್, ನೀವು ಭಾನುವಾರ ಭಾನುವಾರ ಆ ನಾಯಿ ಆಸ್ಪತ್ರೆಗೆ ಹೋಗ್ತೀರಲ್ಲ, ಇದನ್ನ ಎಲ್ಲಿಗೆ ತಗೊಂಡ್ ಹೋದ್ರು? ಸಾಯಿಸ್ಬಿಡ್ತಾರಾ?"

ಸಾಯಿಸಲ್ಲ, ಒಂದು ವಾರದಲ್ಲಿ ಇಲ್ಲೇ ತಂದು ಬಿಡ್ತಾರೆ ಅಂದೆ. ಅವರಿಗೆ ಸಮಾಧಾನವಾಗುವ ಬದಲು ಗೊಂದಲ ಜಾಸ್ತಿ ಆಯಿತು. "ಇಲ್ಲೇ ತಂದು ಬಿಡೋದಾದ್ರೆ ತಗೊಂಡ್ ಹೋಗಿದ್ದಾದ್ರೂ ಯಾಕೆ?" ಆ ಪ್ರಶ್ನೆಗೆ ಟೀ ಆರುವಷ್ಟರಲ್ಲಿ ಉತ್ತರ ಹೇಳಿ ಮುಗಿಸಲು ನನ್ನಿಂದ ಆಗಲಿಲ್ಲ. ಈಗ ಸ್ವಲ್ಪ ಕೂತು ಹೇಳುತ್ತೇನೆ.

"ಜಾಗ ಇಲ್ಲ"

ಪ್ರಾಣಿ ದಯಾ ಸಂಸ್ಥೆ ಎಂದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ನಾಯಿಗಳ ಅನಾಥಾಶ್ರಮ. ಬೀದಿಯಲ್ಲಿ ಒಂದು ನಾಯಿ ಕಂಡಿತು, ಫೋನ್ ಮಾಡಿದೆವು, ಅವರು ಬಂದು ಕರೆದುಕೊಂಡು ಹೋದರು, ಇನ್ನು ಅದು ಸಾಯುವ ತನಕ ಅಲ್ಲೇ ಸುಖವಾಗಿರುತ್ತದೆ. ಹೀಗೆ ಅಂದುಕೊಂಡಿರುವುದರಿಂದಲೇ ಫೋನಿನ ಆ ಕಡೆಯಿಂದ "ಜಾಗ ಇಲ್ಲ" ಎಂಬ ಮಾತು ಬಂದರೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಕೆಲವು ವರ್ಷದ ಹಿಂದೆ ಮಳೆಯಲ್ಲಿ ನೆನೆದ ಒಂದು ನಾಯಿಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಐದು ಕಡೆ ಫೋನ್ ಮಾಡಿದ್ದೆ. ಐದೂ ಕಡೆ ಅದೇ ಮಾತು. ಕೊನೆಯಲ್ಲಿ ಸಿಕ್ಕ ಹೆಂಗಸು ಮಾತ್ರ, "ನಿಮ್ಮ ಬಾತ್‌ರೂಮಲ್ಲಿ ಎರಡು ವಾರ ಇಟ್ಕೊಳ್ತೀರಾ? ಏನ್ ತಿನ್ನಿಸ್ಬೇಕು, ಯಾವಾಗ ಇಂಜೆಕ್ಷನ್ ಅಂತ ನಾನ್ ಹೇಳ್ತೀನಿ" ಅಂದರು. ಇಟ್ಟುಕೊಂಡೆ. ನನ್ನ ಭಾನುವಾರಗಳು ಹೋದದ್ದು ಹಾಗೆ.

ಲೆಕ್ಕ ಹಾಕಿದರೆ ಅವರ ಮಾತು ಅರ್ಥವಾಗುತ್ತದೆ. 2023ರಲ್ಲಿ ಬೆಂಗಳೂರು ಪಾಲಿಕೆ ಮಾಡಿಸಿದ ಸಮೀಕ್ಷೆಯ ಪ್ರಕಾರ ಊರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಬೆಕ್ಕುಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಂದು ಸಂಸ್ಥೆ ಎಷ್ಟೇ ಕಷ್ಟಪಟ್ಟರೂ ಕೆಲವು ನೂರು ನಾಯಿಗಳನ್ನಷ್ಟೇ ಇಟ್ಟುಕೊಳ್ಳಬಹುದು. ಕೆರೆಯನ್ನು ಚೆಂಬಿನಲ್ಲಿ ಖಾಲಿ ಮಾಡಲು ಹೊರಟ ಹಾಗೆ.

ಇನ್ನೊಂದು ಕಾರಣ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಲಸಿಕೆ ಆಗದ ಪುಟ್ಟ ಮರಿಗೆ ಇಂಥ ಆಶ್ರಯದಷ್ಟು ಅಪಾಯದ ಜಾಗ ಬೇರೊಂದಿಲ್ಲ. ಅಲ್ಲಿಗೆ ಬರುವುದೇ ಕಾಯಿಲೆಯ ನಾಯಿಗಳು. ಪಾರ್ವೊ ಎಂಬ ವೈರಸ್ ಒಮ್ಮೆ ನೆಲಕ್ಕೆ ಬಿತ್ತೆಂದರೆ ತಿಂಗಳುಗಟ್ಟಲೆ ಅಲ್ಲೇ ಬದುಕಿರುತ್ತದೆ. ಮಾಮೂಲಿ ಫಿನಾಯಿಲಿಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ಹಾಕಿಯೇ ತೊಳೆಯಬೇಕು. ಸೋಮವಾರ ಬಾಲ ಅಲ್ಲಾಡಿಸುತ್ತಾ ಬಂದ ಮರಿ ಮುಂದಿನ ಸೋಮವಾರ ರಕ್ತ ಭೇದಿ ಆಗಿ ಡ್ರಿಪ್ ಮೇಲೆ ಮಲಗಿರುತ್ತದೆ. ಒಂದು ಗೂಡಿನಲ್ಲಿ ಪಾರ್ವೊ ಕಂಡರೆ ಪಕ್ಕದ ಗೂಡಿನ ಮರಿಗಳ ಕಥೆಯೂ ಅನುಮಾನ. "ಆರೋಗ್ಯವಾಗಿರೋ ಮರೀನ ದಯವಿಟ್ಟು ಇಲ್ಲಿಗೆ ತರಬೇಡಿ" ಎಂದು ಅವರು ಬೇಡಿಕೊಳ್ಳುವುದು ಸೋಮಾರಿತನಕ್ಕಲ್ಲ.

ಹಾಗಾಗಿ ಈ ಸಂಸ್ಥೆಗಳ ಕೆಲಸವನ್ನು ಒಳಗೆ ಎಷ್ಟು ನಾಯಿ ಇವೆ ಎಂದು ಎಣಿಸಿ ಅಳೆಯಬಾರದು. ಒಳಗೆ ಬಂದವು ಎಷ್ಟು ಬೇಗ, ಎಷ್ಟು ಚೆನ್ನಾಗಿ ಹೊರಗೆ ಹೋದವು ಎಂದು ನೋಡಬೇಕು. ಆಸ್ಪತ್ರೆಯನ್ನು ನಾವು ಹಾಗೇ ತಾನೇ ಅಳೆಯುವುದು?

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಹಳೆಯ ಬೇರಿದೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದೆಹಲಿಯಲ್ಲಿ ಒಂದು, ಜೈಪುರದಲ್ಲಿ ಇನ್ನೊಂದು ಪ್ರಾಣಿ ಸಂಸ್ಥೆ ಕಟ್ಟಿ, ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದರು. ಬಂದವರು ಸುಮ್ನೆ ಕೂರಲಿಲ್ಲ. 1991ರಲ್ಲಿ ಇಲ್ಲಿ ಕ್ಯುಪಾ ಎಂಬ ಪ್ರಾಣಿ ದಯಾ ಸಂಸ್ಥೆ ಶುರುವಾಯಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಅದರ ಕೆಲಸ ಬೆಳೆಯಿತು. ಕರುಣಾ, ಕೇರ್ ಹೀಗೆ ಇನ್ನೂ ಹಲವು ಸಂಸ್ಥೆಗಳಿವೆ. ಮಂಗಳೂರಿನ ಶಕ್ತಿನಗರದಲ್ಲಿ ಆ್ಯನಿಮಲ್ ಕೇರ್ ಟ್ರಸ್ಟ್ ಇದೆ, ಮೈಸೂರಿನಲ್ಲಿ ಪೀಪಲ್ ಫಾರ್ ಆ್ಯನಿಮಲ್ಸ್ ಇದೆ. ಒಂದೊಂದರ ರೀತಿ ಒಂದೊಂದು. ಆದರೆ ಬುಡದಲ್ಲಿ ಎಲ್ಲರೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ.

ಆ ಆರು ದಿನ

ಕೆಂಚಿಯನ್ನು ಕರೆದುಕೊಂಡು ಹೋದದ್ದು ಎಬಿಸಿಗೆ. ಪ್ರಾಣಿ ಸಂತಾನ ನಿಯಂತ್ರಣ ಎಂಬುದರ ಇಂಗ್ಲಿಷ್ ಗಿಡ್ಡ ಹೆಸರು. ಇದಕ್ಕೆ ಕೇಂದ್ರ ಸರ್ಕಾರ ಮೊದಲು 2001ರಲ್ಲಿ ನಿಯಮ ಮಾಡಿತು, 2023ರಲ್ಲಿ ಅದನ್ನು ಬದಲಿಸಿ ಹೊಸದು ತಂದಿತು. ಬೀದಿನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸುವ, ರೇಬೀಸ್ ಲಸಿಕೆ ಹಾಕಿಸುವ ಹೊಣೆ ನಗರಪಾಲಿಕೆಯದು, ಪುರಸಭೆಯದು, ಪಂಚಾಯಿತಿಯದು. ಅವರು ಅದನ್ನು ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗಳಿಂದ ಮಾಡಿಸುತ್ತಾರೆ. ಅಂದರೆ ವ್ಯಾನ್ ಮೇಲೆ ಸಂಸ್ಥೆಯ ಹೆಸರಿದ್ದರೂ ಕೆಲಸ ಪಾಲಿಕೆಯದೇ.

ನಾಯಿ ಹಿಡಿಯುವುದು ಬೆಳಗಿನ ಜಾವ. ಆಗ ಗಾಡಿಗಳ ಓಡಾಟ ಕಡಿಮೆ, ನಾಯಿಗಳಿಗೂ ಇನ್ನೂ ನಿದ್ದೆಗಣ್ಣು. ಹಿಡಿದ ಕೂಡಲೇ ಮಾಡುವ ಕೆಲಸ, ನನ್ನ ಪ್ರಕಾರ ಇಡೀ ಆರು ದಿನದಲ್ಲಿ ಅತಿ ಮುಖ್ಯವಾದದ್ದು, ಬರೆದುಕೊಳ್ಳುವುದು. ಯಾವ ಬೀದಿ, ಯಾವ ಅಂಗಡಿ ಮುಂದೆ, ಗಂಡೋ ಹೆಣ್ಣೋ, ಏನು ಬಣ್ಣ, ಎಷ್ಟು ಹೊತ್ತಿಗೆ. ಈಗ ಮೊಬೈಲಿನಲ್ಲಿ ಜಾಗದ ಗುರುತಿನ ಜೊತೆ ಫೋಟೊ ತೆಗೆಯುತ್ತಾರೆ. ಇಲ್ಲಿ ತಪ್ಪಾದರೆ ನಾಯಿ ಬೇರೆ ಬಡಾವಣೆಯಲ್ಲಿ ಇಳಿಯುತ್ತದೆ. ಅಲ್ಲಿನ ನಾಯಿಗಳು ಕಚ್ಚಿ ಹಾಕುತ್ತವೆ, ಇಲ್ಲವೇ ಮನೆ ಹುಡುಕಿಕೊಂಡು ರಿಂಗ್ ರೋಡಿಗೆ ಇಳಿದು ಚಕ್ರದ ಕೆಳಗೆ ಹೋಗುತ್ತದೆ. ಆಪರೇಷನ್ ಚೆನ್ನಾಗಿ ಆಗಿ ನಾಯಿ ಹೀಗೆ ಸತ್ತರೆ ಏನು ಬಂತು?

ಕೊರಳಿಗೆ ನಂಬರಿನ ಪಟ್ಟಿ. ಗೂಡಿಗೆ. ರಾತ್ರಿಯಿಂದ ಊಟ ಇಲ್ಲ, ಹೊಟ್ಟೆ ಖಾಲಿ ಇರಬೇಕು. ಆರು ತಿಂಗಳು ತುಂಬದ ಮರಿ, ಹಾಲೂಡಿಸುತ್ತಿರುವ ತಾಯಿ ಇದ್ದರೆ ಆಪರೇಷನ್ ಮಾಡದೆ ವಾಪಸ್ ಬಿಡುತ್ತಾರೆ.

ಮರುದಿನ ತೂಕ ನೋಡಿ, ಮತ್ತಿನ ಇಂಜೆಕ್ಷನ್ ಕೊಟ್ಟು, ಪಕ್ಕೆಯ ಕೂದಲು ಬೋಳಿಸುತ್ತಾರೆ. ಹೆಣ್ಣು ನಾಯಿಗೆ ಬಹಳ ಕಡೆ ಬಲಪಕ್ಕೆಯಲ್ಲಿ ಕೊಯ್ಯುತ್ತಾರೆ, ಕೆಲವರು ಹೊಟ್ಟೆಯ ನಡುವೆ. ಎರಡು ಬೆರಳಷ್ಟು ಗಾಯ. ಅದರಿಂದಲೇ ಗರ್ಭಕೋಶ, ಅಂಡಾಶಯ ಎರಡನ್ನೂ ಹೊರಗೆ ತೆಗೆಯುತ್ತಾರೆ. ಹೊಲಿಗೆಯ ದಾರ ತಾನಾಗೇ ಕರಗುವಂಥದ್ದು, ಯಾಕೆಂದರೆ ಹೊಲಿಗೆ ಬಿಚ್ಚಿಸಿಕೊಳ್ಳಲು ಕೆಂಚಿ ಮತ್ತೆ ಬರುವುದಿಲ್ಲ. ಗಂಡಿಗೆ ಕೆಲಸ ಇನ್ನೂ ಚಿಕ್ಕದು, ಬೀಜ ತೆಗೆಯುವುದು ಅಷ್ಟೇ. ಮತ್ತಿನಲ್ಲಿರುವಾಗಲೇ, ಆಪರೇಷನ್ ಆಗಿದೆ ಎಂಬ ಗುರುತಿಗೆ, ಕಿವಿಯ ತುದಿಯಲ್ಲಿ ಇಂಗ್ಲಿಷಿನ 'ವಿ' ಆಕಾರದಲ್ಲಿ ಸಣ್ಣ ಚೂರು ಕತ್ತರಿಸುತ್ತಾರೆ. ಜೊತೆಗೆ ರೇಬೀಸ್ ಲಸಿಕೆ.

ನಾನು ಭಾನುವಾರ ಮಾಡುವ ಕೆಲಸ ಇದರ ನಂತರದ್ದು. ಆಪರೇಷನ್ ಆದ ನಾಯಿಗಳನ್ನು ಗೋಣಿ ತಾಟಿನ ಮೇಲೆ ಸಾಲಾಗಿ ಮಲಗಿಸಿರುತ್ತಾರೆ. ನಾಲಿಗೆ ಹೊರಗೆ ಜೋತಿರುತ್ತದೆ, ಕಣ್ಣು ತೆರೆದೇ ಇರುತ್ತದೆ. ಆ ಮತ್ತಿನಲ್ಲಿ ನಾಯಿ ಕಣ್ಣು ಮುಚ್ಚುವುದಿಲ್ಲ. ಒಣಗಬಾರದು ಅಂತ ಕಣ್ಣಿಗೆ ಮುಲಾಮು ಹಚ್ಚಬೇಕು, ನಾಲಿಗೆಯನ್ನು ಪಕ್ಕಕ್ಕೆ ಎಳೆದಿಡಬೇಕು, ಅರ್ಧ ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಮೈ ತಣ್ಣಗಾದರೆ ಹಳೆ ಬೆಡ್‌ಶೀಟ್ ಹೊದಿಸಬೇಕು. ಮೊದಲ ಸಲ ನೋಡಿದಾಗ ಸತ್ತೇ ಹೋಗಿವೆ ಅಂದುಕೊಂಡಿದ್ದೆ. ಆಮೇಲೆ ಒಂದರ ಬಾಲದ ತುದಿ ಅಲ್ಲಾಡಿತು, ಇನ್ನೊಂದು ತಲೆ ಎತ್ತಿ ಕುಡುಕನ ಹಾಗೆ ತೂಗಿ ಮತ್ತೆ ಬಿತ್ತು.

ಅದಾದ ಮೇಲೆ ಕಡೇ ಪಕ್ಷ ನಾಲ್ಕು ದಿನ ಇಟ್ಟುಕೊಂಡು ನೋಡಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಅನ್ನ, ಕೋಳಿಯ ತಲೆ ಕಾಲು ಬೇಯಿಸಿದ್ದು, ನೋವಿನ ಇಂಜೆಕ್ಷನ್, ದಿನಾ ಗಾಯ ನೋಡುವುದು. ಈ ನಾಲ್ಕು ದಿನದಲ್ಲೇ ಒಳ್ಳೆಯ ಸಂಸ್ಥೆ ಯಾವುದು, ಸುಮಾರಾದದ್ದು ಯಾವುದು ಎಂದು ಗೊತ್ತಾಗುವುದು. ಗಾಯ ಒಣಗುವ ಮುಂಚೆ ಬಿಟ್ಟುಬಂದರೆ ಹೊಲಿಗೆ ಬಿಚ್ಚಿ, ಸೋಂಕಾಗಿ ನಾಯಿ ಸಾಯುತ್ತದೆ. ಹಾಗೆ ಬಿಟ್ಟುಹೋದ ನಾಯಿಗಳು ನಮ್ಮಲ್ಲಿಗೆ ಬಂದದ್ದೂ ಇದೆ.

ಇಲ್ಲಿ ಒಂದು ಕುತೂಹಲದ ವಿಷಯ. ದುಡ್ಡು ಕೊಡುವ ಪಾಲಿಕೆಗೆ ಎಷ್ಟು ಆಪರೇಷನ್ ಆಯಿತು ಎಂದು ಗೊತ್ತಾಗುವುದು ಹೇಗೆ? ಬಾಯಿಮಾತಿನಲ್ಲಿ ನೂರು ಅಂದರೆ ನಂಬಬೇಕಲ್ಲ. ಅದಕ್ಕೇ ತೆಗೆದ ಅಂಗಗಳನ್ನು ಕೊಳೆಯದಂತೆ ಫಾರ್ಮಾಲಿನ್ ದ್ರಾವಣ ತುಂಬಿದ ಡಬ್ಬಗಳಲ್ಲಿ ಹಾಗೇ ಇಟ್ಟಿರುತ್ತಾರೆ. ಅಧಿಕಾರಿಗಳು ಬಂದು ಗರ್ಭಕೋಶ ಇಷ್ಟು, ಬೀಜ ಇಷ್ಟು ಜೊತೆ ಎಂದು ಎಣಿಸಿ ಸಹಿ ಹಾಕಬೇಕು. ಮೂಗು ಮುಚ್ಚಿಕೊಂಡು ಎಣಿಸುತ್ತಾರೆ ಪಾಪ. ಸರ್ಕಾರಿ ಲೆಕ್ಕಪತ್ರದಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಇಲ್ಲ ಅನಿಸುತ್ತದೆ.

ಸರಿ, ವಾಪಸ್ ಬಿಡುವುದು ಯಾಕೆ?

ಈಗ ಟೀ ಅಂಗಡಿಯವರ ಪ್ರಶ್ನೆಗೆ ಬರೋಣ.

ಒಂದು ಬೀದಿಯಲ್ಲಿ ಎಷ್ಟು ನಾಯಿ ಇರಬೇಕು ಎನ್ನುವುದನ್ನು ಆ ಬೀದಿಯ ಅನ್ನ ತೀರ್ಮಾನಿಸುತ್ತದೆ. ಕಸದ ರಾಶಿ, ಕೋಳಿ ಅಂಗಡಿ, ಹೋಟೆಲಿನ ಹಿಂಬಾಗಿಲು, ನಮ್ಮ ಅಜ್ಜಿಯ ಮೊಸರನ್ನ. ಅಲ್ಲಿರುವ ನಾಯಿಯನ್ನು ತೆಗೆದರೂ ಅನ್ನ ಅಲ್ಲೇ ಇರುತ್ತದೆ. ಕೆಲವೇ ದಿನದಲ್ಲಿ ಪಕ್ಕದ ಬೀದಿಯಿಂದ ಹೊಸ ನಾಯಿ ಬರುತ್ತದೆ. ಅದಕ್ಕೆ ಲಸಿಕೆ ಆಗಿರುವುದಿಲ್ಲ, ಆಪರೇಷನ್ ಆಗಿರುವುದಿಲ್ಲ, ಬೀದಿಯ ಮಕ್ಕಳ ಪರಿಚಯವೂ ಇರುವುದಿಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಎರಡು ತಿಂಗಳಲ್ಲಿ ನಾಲ್ಕೋ ಆರೋ ಮರಿ ಹಾಕುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಗಂಡು ನಾಯಿಗಳ ಜಗಳ, ದೀಪಾವಳಿ ಕಳೆದರೆ ಚರಂಡಿ ಪಕ್ಕ ಮರಿಗಳು. ಅವುಗಳಲ್ಲಿ ಹೆಚ್ಚಿನವು ವರ್ಷ ತುಂಬುವ ಮುಂಚೆಯೇ ಸಾಯುತ್ತವೆ. ಉಳಿದ ಒಂದೆರಡು ಸಾಕು, ಖಾಲಿಯಾದ ಜಾಗ ತುಂಬಲು.

ಕೆಂಚಿಯನ್ನು ಅದೇ ಜಾಗಕ್ಕೆ ತಂದರೆ ಆ ಜಾಗ ಖಾಲಿಯಾಗುವುದಿಲ್ಲ. ಅದು ಹೊಸ ನಾಯಿಯನ್ನು ಒಳಗೆ ಬಿಡುವುದಿಲ್ಲ, ಮರಿ ಹಾಕುವುದಿಲ್ಲ, ರೇಬೀಸ್ ಹಬ್ಬಿಸುವುದಿಲ್ಲ. ಒಂದು ಪ್ರದೇಶದ ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಲಸಿಕೆ ಆಗಿದ್ದರೆ ರೇಬೀಸಿನ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಎಪ್ಪತ್ತರ ಸುತ್ತಲೇ ಎಲ್ಲಾ ಒದ್ದಾಟ. ಪಕ್ಕದ ಗೋವಾ ಮನೆಮನೆಗೆ, ಬೀದಿಬೀದಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿಸಿ 2021ರಲ್ಲಿ ರೇಬೀಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿಕೊಂಡಿತು.

ಬೆಂಗಳೂರಿನಲ್ಲಿ ಇದು ಕೆಲಸ ಮಾಡಿದೆಯಾ? 2019ರ ಸಮೀಕ್ಷೆಯಲ್ಲಿ 3.10 ಲಕ್ಷದಷ್ಟಿದ್ದ ನಾಯಿಗಳು 2023ಕ್ಕೆ 2.79 ಲಕ್ಷಕ್ಕೆ ಇಳಿದವು. ಆಪರೇಷನ್ ಆದವುಗಳ ಪಾಲು ಶೇ 51ರಿಂದ ಶೇ 72ರ ಹತ್ತಿರಕ್ಕೆ ಬಂತು. ಇಳಿದಿರುವುದು ನಿಜ. ನಿಧಾನ ಎನ್ನುವುದೂ ನಿಜ. ಎಬಿಸಿ ಎಂದರೆ ಮುಂದಿನ ತಿಂಗಳು ಬೀದಿ ಖಾಲಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆಪರೇಷನ್ ಆದ ನಾಯಿ ಕಚ್ಚುವುದೇ ಇಲ್ಲ ಎಂದು ಹೇಳಿದರೂ ನಂಬಬೇಡಿ. ಬೆದೆಯ ಕಾಲದ ಗುದ್ದಾಟ ಕಡಿಮೆಯಾಗುತ್ತದೆ, ಮರಿ ಕಾಯುವ ತಾಯಿಯ ಸಿಟ್ಟು ಇರುವುದಿಲ್ಲ, ಅಷ್ಟೇ. ಹೆದರಿದ ನಾಯಿ, ಹೊಡೆತ ತಿಂದ ನಾಯಿ, ಮಾಂಸದ ಕಸ ಸುರಿಯುವ ಕಡೆ ಗುಂಪು ಕಟ್ಟಿಕೊಂಡ ನಾಯಿಗಳು ಕಚ್ಚಬಹುದು. 2007ರಲ್ಲಿ ಇದೇ ಬೆಂಗಳೂರಿನಲ್ಲಿ ಎರಡು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳಿಂದ ಸತ್ತರು. ಅದನ್ನು ಮರೆತು ನಾಯಿಪ್ರೀತಿಯ ಮಾತಾಡುವವರು ಅರ್ಧ ಸತ್ಯ ಹೇಳುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಕಸ ಎತ್ತದೆ ಬರೀ ಎಬಿಸಿ ಮಾಡಿದರೆ ಅರ್ಧ ಕೆಲಸ. ಲಸಿಕೆಯದೂ ಅಷ್ಟೇ, ಒಂದು ಸಲ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ, ವರ್ಷ ವರ್ಷ ಹಾಕಬೇಕು. ಬಹಳ ಊರುಗಳಲ್ಲಿ ಜಾರುವುದು ಇಲ್ಲೇ.

ನಾಯಿ ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ರೇಬೀಸಿನ ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲ. ಅದಕ್ಕೆ ಮುಂಚೆ ಹಾಕಿದ ಲಸಿಕೆ ಜೀವ ಉಳಿಸುತ್ತದೆ.

ಕಾನೂನು ಈಗ ಎಲ್ಲಿ ನಿಂತಿದೆ ಎಂದು ಜನ ಕೇಳುತ್ತಾರೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಇಡಿ ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು: ಆಪರೇಷನ್, ಲಸಿಕೆ ಮುಗಿಸಿ ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ಇರುವ ಅಥವಾ ಶಂಕೆ ಇರುವ ನಾಯಿ, ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ, ಊಟ ಹಾಕಲು ಬೇರೆ ಜಾಗ ಗುರುತಿಸಿ ಎಂದು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆಯಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬಾರದು ಎಂದಿತು. ಈ ಆದೇಶಗಳ ಪ್ರಕಾರ ಟೀ ಅಂಗಡಿ ಮುಂದಿನ ಕೆಂಚಿಗೆ ಹಳೆಯ ನಿಯಮವೇ. ಬಸ್ ಸ್ಟ್ಯಾಂಡಿನ ನಾಯಿಗೆ ಬೇರೆ. ಆ ನಾಯಿಗಳನ್ನು ಇಡಲು ಜಾಗ ಎಲ್ಲಿ ಎನ್ನುವ ತಲೆನೋವು ಸಂಸ್ಥೆಗಳ ಬಾಗಿಲಿಗೇ ಬಂದು ನಿಲ್ಲುತ್ತದೆ.

ಬೆಕ್ಕಿನ ಲೆಕ್ಕವೇ ಬೇರೆ

ಬೆಕ್ಕು ಏಳು ಮನೆ ತಿರುಗಿ ಮರಿ ಬೆಳೆಸುತ್ತದೆ ಎಂದು ನಮ್ಮ ಕಡೆ ಮಾತಿದೆ. ಸಂಸ್ಥೆಗಳಿಗೆ ಬರುವ ಬೆಕ್ಕಿನ ಮರಿಗಳಲ್ಲಿ ಬಹಳಷ್ಟು ಈ ಮಾತು ಮರೆತವರಿಂದ ಬಂದವು. ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಜಾಗ ಬದಲಿಸುತ್ತಿರುತ್ತದೆ, ಇಲ್ಲವೇ ಊಟಕ್ಕೆ ಹೋಗಿರುತ್ತದೆ. ಅಷ್ಟರಲ್ಲಿ ಯಾರೋ ಕರುಣೆಯವರು "ಅಯ್ಯೋ, ತಬ್ಬಲಿ ಮರಿ" ಎಂದು ಎತ್ತಿಕೊಂಡು ಬರುತ್ತಾರೆ. ದೂರ ನಿಂತು ಕೆಲವು ಗಂಟೆ ಕಾಯಿರಿ, ತಾಯಿ ಬರುತ್ತದಾ ನೋಡಿ ಎಂದು ಫೋನಿನಲ್ಲಿ ದಿನಾ ಹೇಳಬೇಕಾಗುತ್ತದೆ. ನಿಜವಾಗಿಯೂ ತಬ್ಬಲಿಯಾದರೆ ಹಸುವಿನ ಹಾಲು ಕುಡಿಸಬೇಡಿ, ಭೇದಿಯಾಗುತ್ತದೆ. ಅದಕ್ಕೆ ಬೇರೆ ಹಾಲಿನ ಪುಡಿ ಸಿಗುತ್ತದೆ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಕಣ್ಣು ಬಿಡದ ಮರಿಗೆ ತಾನಾಗಿ ಉಚ್ಚೆ ಮಾಡಲೂ ಬರುವುದಿಲ್ಲ. ಒದ್ದೆ ಹತ್ತಿಯಿಂದ ಒರೆಸಿ ಮಾಡಿಸಬೇಕು, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಇದನ್ನು ಮಾಡುವವರು ಸಂಸ್ಥೆಯ ನೌಕರರಲ್ಲ, ತಮ್ಮ ಮನೆಯಲ್ಲಿ ಕೆಲವು ವಾರ ಸಾಕಿಕೊಡುವವರು. ಫಾಸ್ಟರ್ ಅನ್ನುತ್ತಾರೆ ಅವರನ್ನು. ಅವರಿಲ್ಲದಿದ್ದರೆ ಬೆಕ್ಕಿನ ಕೆಲಸ ಒಂದು ದಿನವೂ ನಡೆಯುವುದಿಲ್ಲ.

ಬೆಕ್ಕನ್ನು ಬಲೆ ಬೀಸಿ ಹಿಡಿಯಲು ಆಗುವುದಿಲ್ಲ. ಬೋನಿನ ಒಳಗೆ ಬಂಗುಡೆ ತಲೆ ಇಟ್ಟು ಕಾಯಬೇಕು. ತಟ್ಟೆ ತುಳಿದರೆ ಬಾಗಿಲು ಬೀಳುತ್ತದೆ. ಮೊದಲ ರಾತ್ರಿ ಬೋನಿಗೆ ಬೀಳುವುದು ಬೇರೆ ಯಾರದೋ ಮನೆಯ ದಪ್ಪ ಬೆಕ್ಕು, ಅದು ಗ್ಯಾರಂಟಿ. ಅದನ್ನು ಬಿಟ್ಟು ಮತ್ತೆ ಕಾಯಬೇಕು. ಆಪರೇಷನ್ ಆದ ಬೆಕ್ಕಿಗೆ ಕಿವಿಯ ತುದಿಯನ್ನು ನೇರವಾಗಿ ಕತ್ತರಿಸುವುದು ರೂಢಿ. ಆರು ತಿಂಗಳ ಒಳಗೇ ಬೆದೆಗೆ ಬರುವ ಪ್ರಾಣಿ ಇದು. ತಡ ಮಾಡಿದರೆ ಒಂದು ಬೆಕ್ಕಿನ ಕೆಲಸ ಆರು ಬೆಕ್ಕಿನ ಕೆಲಸ ಆಗುತ್ತದೆ. ಕರಾವಳಿಯಲ್ಲಿ ಮೊದಲು ಇದಕ್ಕೊಂದು ಸುಲಭ ಉಪಾಯ ಇತ್ತು: ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟುಬರುವುದು. "ಅಲ್ಲಿ ಮೀನಾದ್ರೂ ಸಿಗ್ತದೆ" ಎನ್ನುವ ಸಮಾಧಾನ ಬೇರೆ. ಈಗಲೂ ಬಿಡುತ್ತಾರೆ.

ಒಂದು ಮಾತು ಬೆಕ್ಕು ಸಾಕುವವರಿಗೆ. ಜ್ವರ ಬಂದಿದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಚೂರು ಕೊಡಬೇಡಿ. ನಮಗೆ ಔಷಧಿ, ಬೆಕ್ಕಿಗೆ ವಿಷ.

ಹುಳ, ಕಜ್ಜಿ, ಮುರಿದ ಕಾಲು

ಎಬಿಸಿ ಬಿಟ್ಟರೆ ಉಳಿದ ಕೆಲಸ ಆಸ್ಪತ್ರೆಯದು. ಗಾಡಿ ಗುದ್ದಿದ್ದು, ಕಜ್ಜಿ ಹತ್ತಿ ಮೈಮೇಲೆ ಕೂದಲೇ ಇಲ್ಲದ್ದು, ಉಣ್ಣಿ ಜ್ವರ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ. ನೋಡಲು ಭಯಂಕರ ಅನಿಸುವುದು ಹುಳ ಬಿದ್ದ ಗಾಯ. ಸಣ್ಣ ಗಾಯದ ಮೇಲೆ ನೊಣ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ. ಅವು ಒಳಗೆ ಒಳಗೆ ತಿನ್ನುತ್ತಾ ಹೋಗುತ್ತವೆ. ಕಿವಿಯ ಹಿಂದೆ, ಬಾಲದ ಬುಡದಲ್ಲಿ ಜಾಸ್ತಿ, ಯಾಕೆಂದರೆ ಅಲ್ಲಿ ನಾಯಿಗೆ ನೆಕ್ಕಿಕೊಳ್ಳಲು ನಾಲಿಗೆ ಎಟಕುವುದಿಲ್ಲ. ಆದರೆ ಹೇಸಿಗೆಯಾಗಿ ಕಾಣುವ ಈ ಗಾಯ ವಾಸಿಯಾಗುವುದು ಆಶ್ಚರ್ಯ ಆಗುವಷ್ಟು ಚೆನ್ನಾಗಿ. ಹುಳ ಒಂದೊಂದೇ ತೆಗೆದು, ತೊಳೆದು, ದಿನಾ ಔಷಧಿ ಹಾಕಿದರೆ ಮೂರು ವಾರದಲ್ಲಿ ಅಂಗೈ ಅಗಲದ ಗುಂಡಿ ತುಂಬಿಕೊಂಡದ್ದನ್ನು ನಾನೇ ನೋಡಿದ್ದೇನೆ. ಕಜ್ಜಿಯೂ ಹಾಗೇ, ಔಷಧಿಗೆ ಚೆನ್ನಾಗಿ ಬಗ್ಗುತ್ತದೆ.

ಬಗ್ಗದೇ ಇರುವುದು ಡಿಸ್ಟೆಂಪರ್. ನಾಯಿ ಕೂತಲ್ಲೇ ದವಡೆ ಅದುರಿಸುತ್ತದೆ, ಕಾಲು ಎಳೆಯುತ್ತದೆ, ಫಿಟ್ಸ್ ಬರುತ್ತದೆ. ಆಗ ಡಾಕ್ಟರು ಒಂದು ತೀರ್ಮಾನಕ್ಕೆ ಬರಬೇಕು. ವಾಸಿಯಾಗದ ಕಾಯಿಲೆ, ಬದುಕದಂಥ ಗಾಯ ಇದ್ದರೆ ಮಾತ್ರ ನೋವಿಲ್ಲದೆ ಸಾಯಿಸಲು ನಿಯಮದಲ್ಲಿ ಅವಕಾಶ ಇದೆ, ಅದೂ ಒಬ್ಬರೇ ತೀರ್ಮಾನಿಸುವಂತಿಲ್ಲ. "ನಾವು ಯಾವ ನಾಯೀನೂ ಸಾಯಿಸಲ್ಲ" ಎಂದು ಎದೆ ತಟ್ಟಿ ಹೇಳುವ ಸಂಸ್ಥೆಗಿಂತ, ಈ ತೀರ್ಮಾನವನ್ನು ಹೇಗೆ ತೆಗೆದುಕೊಳ್ಳುತ್ತೇವೆ ಎಂದು ಬಿಡಿಸಿ ಹೇಳುವ ಸಂಸ್ಥೆಯ ಮೇಲೆ ನನಗೆ ನಂಬಿಕೆ ಜಾಸ್ತಿ.

ವಾಸಿಯಾದ ನಾಯಿ ತನ್ನ ಬೀದಿಗೆ. ಬೀದಿಗೆ ಹೋಗಲು ಆಗದ್ದು, ಅಂದರೆ ಕುರುಡು, ಮೂರು ಕಾಲಿನದು, ಮುದಿ, ತಾಯಿ ಇಲ್ಲದ ಮರಿ, ಇವೆಲ್ಲ ದತ್ತು ಕೊಡಲು. ಈ ಪಟ್ಟಿಯಲ್ಲಿ ಇನ್ನೊಂದು ಜಾತಿ ಸೇರಿಕೊಂಡಿದೆ: ದುಡ್ಡು ಕೊಟ್ಟು ತಂದು ಬಿಟ್ಟುಹೋದ ಲ್ಯಾಬ್ರಡಾರ್, ಹಸ್ಕಿ, ಶಿಟ್ಜು. ಮನೆ ಬದಲಾಯಿತು, ಮಗು ಹುಟ್ಟಿತು, ಕೂದಲು ಉದುರುತ್ತದೆ, ಬೇಸರವಾಯಿತು. ಕೊರಳಪಟ್ಟಿ ಬಿಚ್ಚಿ ಹೈವೇ ಪಕ್ಕ ಇಳಿಸಿ ಹೋಗುತ್ತಾರೆ. ಬೀದಿನಾಯಿಗೆ ಬೀದಿಯಲ್ಲಿ ಬದುಕಲು ಗೊತ್ತು, ಇವಕ್ಕೆ ರಸ್ತೆ ದಾಟಲೂ ಬರುವುದಿಲ್ಲ. ನಿಜಕ್ಕೂ ನಿರಾಶ್ರಿತ ಅನ್ನಬೇಕಾದ ನಾಯಿ ಇವೇ. ಇಂಥವುಗಳಿಗಾಗಿಯೇ ಕ್ಯುಪಾ ಬೇರೆ ದತ್ತು ಕೇಂದ್ರ ನಡೆಸುತ್ತಾ ಬಂದಿದೆ.

ದತ್ತು ತೆಗೆದುಕೊಳ್ಳಲು ಹೋದರೆ ಹೆಣ್ಣು ನೋಡಲು ಹೋದವರಿಗಿಂತ ಜಾಸ್ತಿ ಪ್ರಶ್ನೆ ಕೇಳುತ್ತಾರೆ. ಸ್ವಂತ ಮನೆಯಾ ಬಾಡಿಗೆಯಾ, ಓನರ್ ಒಪ್ಪಿದ್ದಾರಾ, ಮನೆಯಲ್ಲಿ ಎಲ್ಲರಿಗೂ ಇಷ್ಟ ಇದೆಯಾ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಬಾಲ್ಕನಿಗೆ ಜಾಲರಿ ಇದೆಯಾ. ಬಂದು ಮನೆ ನೋಡುತ್ತಾರೆ. ಹತ್ತು ಜನಕ್ಕೆ ಇದು ಕಿರಿಕಿರಿ. ಆದರೆ ಒಮ್ಮೆ ವಾಪಸ್ ಬಂದ ನಾಯಿಗೆ ಎರಡನೇ ಸಲ ಮನೆ ಹುಡುಕುವುದು ಎಷ್ಟು ಕಷ್ಟ ಎಂದು ನೋಡಿದವರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡಿನ ವಿಷಯ ಹೇಳಲೇಬೇಕು. ಎಬಿಸಿಗೆ ಪಾಲಿಕೆ ನಾಯಿಗೆ ಇಷ್ಟು ಎಂದು ಕೊಡುತ್ತದೆ, ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ. ಆಸ್ಪತ್ರೆಗೆ, ಆಂಬುಲೆನ್ಸ್ ಡೀಸೆಲ್‌ಗೆ, ಅಕ್ಕಿಗೆ, ನೌಕರರ ಸಂಬಳಕ್ಕೆ ದಾನಿಗಳೇ ಗತಿ. ಕಾಲು ಜಜ್ಜಿದ ನಾಯಿಯ ಫೋಟೊ ಹಾಕಿದರೆ ಸಂಜೆಯೊಳಗೆ ದುಡ್ಡು ಬರುತ್ತದೆ. "ಈ ತಿಂಗಳು ಇನ್ನೂರು ಲಸಿಕೆ ಹಾಕಬೇಕು" ಎಂದು ಹಾಕಿದರೆ ನಾಲ್ಕು ಹಾರ್ಟ್ ಬರುತ್ತವೆ, ದುಡ್ಡು ಬರುವುದಿಲ್ಲ. ಆ ಇನ್ನೂರು ಲಸಿಕೆಯಿಂದ ತಪ್ಪಿದ ಸಾವಿಗೆ ಫೋಟೊ ಇರುವುದಿಲ್ಲ ನೋಡಿ. ದುಡ್ಡು ಬೇಡ ಅನಿಸಿದರೆ ಹಳೆ ಪೇಪರ್, ಹಳೆ ಬೆಡ್‌ಶೀಟ್, ಟವೆಲ್ ಕೊಡಿ. ಮತ್ತಿನಲ್ಲಿ ನಡುಗುವ ನಾಯಿಗೆ ಹೊದಿಸುವುದು ಅದನ್ನೇ.

ಫೋನ್ ಮಾಡುವಾಗ ಸರಿಯಾದ ಜಾಗ, ಒಂದು ಫೋಟೊ, ನಾಯಿ ನಡೆಯುತ್ತಿದೆಯಾ ಇಲ್ಲವಾ ಎನ್ನುವುದನ್ನು ಹೇಳಿ. ವ್ಯಾನ್ ಬರುವ ತನಕ ಅಲ್ಲೇ ಇರಿ. ಬಂದ ಮೇಲೆ ನಾಯಿ ಇಲ್ಲ, ಫೋನ್ ಮಾಡಿದವರೂ ಇಲ್ಲ ಎಂದು ಬರಿಗೈಯಲ್ಲಿ ಹಿಂದಿರುಗುವುದು ದಿನದ ಕಥೆ.

ಕೆಂಚಿ ಬಂದದ್ದು ಸೋಮವಾರ ಬೆಳಗ್ಗೆ. ವ್ಯಾನಿನ ಬಾಗಿಲು ತೆಗೆದರು. ಒಂದು ನಿಮಿಷ ಒಳಗೇ ಕೂತು ಮೂಸಿ ನೋಡಿತು. ಆಮೇಲೆ ಹಾರಿ ಇಳಿದು, ಮೈ ಕೊಡವಿ, ಸೀದಾ ಎಟಿಎಂ ಮೆಟ್ಟಿಲ ಹತ್ತಿರ ಹೋಗಿ ಅಲ್ಲಿ ಮಲಗಿದ್ದ ಪಕ್ಕದ ಬೀದಿಯ ಕರಿ ನಾಯಿಯನ್ನು ಗುರ್ ಎಂದು ಎಬ್ಬಿಸಿ ಓಡಿಸಿತು. ಟೀ ಅಂಗಡಿಯವರು ಬೋಳಿಸಿದ ಪಕ್ಕೆ ನೋಡಿದರು, ಕಿವಿ ಹಿಡಿದು ನೋಡಿದರು. "ಕಿವಿ ಚುಚ್ಚಿಸ್ಕೊಂಡ್ ಬಂದಿದ್ಯಲ್ಲೇ" ಎನ್ನುತ್ತಾ ಬನ್ ಮುರಿದು ಹಾಕಿದರು. ಅವತ್ತು ಅರ್ಧ ಅಲ್ಲ, ಪೂರ್ತಿ ಬನ್.